ಮಗುವನ್ನು ಎತ್ತರಿಸಿದ್ದು ಯಾತಕ್ಕೆ? – ಕಾರಿನ ಬೂಸ್ಟರ್ ಆಸನದ ಚರಿತ್ರೆ

ಚಲಿಸುತ್ತಿರುವ ಬಸ್ಸು ಥಟ್ಟನೆ ನಿಂತಾಗ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುತ್ತಾರೆ. ನ್ಯೂಟನ್ನನ ಮೊದಲನೆಯ ನಿಯಮಕ್ಕೆ ಉದಾಹರಣೆಯಾಗಿ ಇದನ್ನು ನೀವು ಓದಿದ್ದೀರಿ. ಶಿಕ್ಷಕರಾಗಿದ್ದರೆ ಪಾಠವನ್ನೂ ಮಾಡಿದ್ದೀರಿ. ಪಠ್ಯಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಮುಗ್ಗರಿಸಿದವನು ಎಷ್ಟು ದೂರ ಹೋಗಿ ನಿಂತ, ಅವನನ್ನು ನಿಲ್ಲಿಸಿದ ಬಲ ದೇಹದ ಯಾವ ಭಾಗದ ಮೇಲೆ ಬಿತ್ತು ಎಂಬುದನ್ನು ಅದು ಕೇಳುವುದಿಲ್ಲ. ಕಾರಿನಲ್ಲಿ ಕೂತ ಮಗುವಿಗಾದರೋ ಜೀವವಿರುವುದೇ ಈ ಎರಡು ಪ್ರಶ್ನೆಗಳ ಉತ್ತರದಲ್ಲಿ.

ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 50 ಕಿಮೀ ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಇಷ್ಟು ವೇಗದ ಕಾರು ಗೋಡೆಗೆ ಬಡಿದು, ಅದರ ಮೂತಿ 60 ಸೆಂಮೀ ನಜ್ಜುಗುಜ್ಜಾಗಿ ನಿಂತಿತೆನ್ನಿ. ವೇಗದ ವರ್ಗವನ್ನು ದೂರದ ಇಮ್ಮಡಿಯಿಂದ ಭಾಗಿಸಿದರೆ ಋಣ ವೇಗೋತ್ಕರ್ಷ ದೊರೆಯುತ್ತದೆ: ಗುರುತ್ವ ವೇಗೋತ್ಕರ್ಷದ ಸುಮಾರು 16 ಪಟ್ಟು. ತಾಯಿಯ ತೊಡೆಯ ಮೇಲೆ 12 ಕಿಗ್ರಾಂ ತೂಗುವ ಮಗುವಿದ್ದರೆ, ಅದನ್ನು ಹಿಡಿದು ನಿಲ್ಲಿಸಲು ಆಕೆಯ ತೋಳುಗಳು ಒದಗಿಸಬೇಕಾದ ಬಲ ಸುಮಾರು 1,900 ನ್ಯೂಟನ್. ಎಂದರೆ ಸುಮಾರು 200 ಕಿಗ್ರಾಂ ಹೊರೆಯನ್ನು ಎತ್ತಿ ಹಿಡಿದಂತೆ. ಅದಕ್ಕೆ ಸಿಗುವ ಸಮಯವೋ, ಒಂದು ಸೆಕೆಂಡಿನ ಹನ್ನೊಂದನೆಯ ಒಂದು ಭಾಗ. ಕಣ್ಣು ಮಿಟುಕಿಸುವುದಕ್ಕೂ ಇದು ಸಾಲದು. ಕೈತಪ್ಪಿದ ಮಗು ಅದೇ 13.9 ಮೀಟರ್ ವೇಗದಲ್ಲಿ ಹಾರಿ ಎದುರಿನ ಗಟ್ಟಿ ಫಲಕಕ್ಕೆ ಬಡಿದು 5 ಸೆಂಮೀ ದೂರದಲ್ಲಿ ನಿಲ್ಲಬೇಕಾದರೆ ವೇಗೋತ್ಕರ್ಷ ಹನ್ನೆರಡು ಪಟ್ಟಾಗುತ್ತದೆ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ ಬಿದ್ದಂತೆ. ‘ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ’ ಎಂಬ ಮಾತಿಗೆ ಭೌತಶಾಸ್ತ್ರದಲ್ಲಿ ಅರ್ಥವಿಲ್ಲ.

ಹಾಗಾದರೆ ಮಗುವನ್ನು ಕಾರಿಗೇ ಕಟ್ಟಬೇಕು ತಾನೆ? ಹೌದು. ಆದರೆ ಯಾವುದರಿಂದ, ದೇಹದ ಯಾವ ಜಾಗದಲ್ಲಿ? ಇದಕ್ಕೆ ಸರಿಯುತ್ತರ ಹುಡುಕಲು ಮೋಟಾರು ಜಗತ್ತಿಗೆ ಅರ್ಧ ಶತಮಾನವೇ ಬೇಕಾಯಿತು.

ಕಿಟಕಿಯಾಚೆ ನೋಡಲೊಂದು ಪೀಠ

1930ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟಕ್ಕಿದ್ದ ಮಕ್ಕಳ ಕಾರುಪೀಠಗಳಿಗೂ ಸುರಕ್ಷತೆಗೂ ಸಂಬಂಧವಿರಲಿಲ್ಲ. ಮಗುವನ್ನು ಎತ್ತರದಲ್ಲಿ ಕೂರಿಸಿದರೆ ಅದಕ್ಕೆ ಕಿಟಕಿಯಾಚೆಯ ನೋಟ ಕಾಣುತ್ತದೆ, ತಂದೆತಾಯಿಗೆ ಮಗು ಕಾಣುತ್ತದೆ, ಅದು ಅತ್ತಿತ್ತ ಹರಿದಾಡುವುದೂ ತಪ್ಪುತ್ತದೆ, ಉದ್ದೇಶ ಇಷ್ಟೇ. ಮುಂದಿನ ಎರಡು ದಶಕಗಳಲ್ಲಿ ಬಂದವೂ ಹೆಚ್ಚುಕಡಿಮೆ ಇದೇ ಜಾತಿಯವು. ಲೋಹದ ಸಲಾಕೆಯ ಚೌಕಟ್ಟು, ಅದಕ್ಕೊಂದು ಬಟ್ಟೆ, ಆಸನದ ಬೆನ್ನಿಗೆ ತಗುಲಿಹಾಕಲು ಎರಡು ಕೊಕ್ಕೆ. ಕೆಲವಕ್ಕೆ ಆಟಿಕೆಯ ಸ್ಟೀರಿಂಗ್ ಚಕ್ರವೂ ಇರುತ್ತಿತ್ತು. ಅಪಘಾತವಾದರೆ ಕೊಕ್ಕೆ ಕಳಚಿಕೊಂಡು ಮಗುವಿನ ಜೊತೆಗೆ ಪೀಠವೂ ಹಾರುತ್ತಿತ್ತು.

ಈ ಪೀಠವನ್ನು ನೆನಪಿನಲ್ಲಿಡಿ. ಸುಮಾರು ನಲವತ್ತು ವರ್ಷಗಳ ಅನಂತರ ಮಗುವನ್ನು ಎತ್ತರದಲ್ಲಿ ಕೂರಿಸುವ ಇನ್ನೊಂದು ಪೀಠ ಬರಲಿದೆ. ನೋಡಲು ಎರಡೂ ಒಂದೇ. ಎತ್ತರಿಸುವ ಕಾರಣ ಮಾತ್ರ ಬೇರೆಯೇ.

ಬಲ ಮೂಳೆಯ ಮೇಲೆ ಬೀಳಲಿ

ಆ ಎರಡನೆಯ ಪೀಠಕ್ಕೆ ಬೇಕಾದ ತಿಳಿವಳಿಕೆ ಬಂದದ್ದು ವಿಮಾನಗಳಿಂದ. 1917ರಲ್ಲಿ ಕೆನಡಾದಲ್ಲಿ ತರಬೇತಿ ಪಡೆಯುತ್ತಿದ್ದ ಹ್ಯೂ ಡಿಹೇವನ್ ಎಂಬ ತರುಣನ ವಿಮಾನ ಅಪಘಾತಕ್ಕೀಡಾಯಿತು. ಬದುಕಿದನಾದರೂ ಹೊಟ್ಟೆಯೊಳಗಿನ ಅಂಗಗಳು ಹರಿದಿದ್ದವು. ತನ್ನ ಪೆಟ್ಟುಗಳಿಗೆ ಕಾರಣ ಸೊಂಟಪಟ್ಟಿಯ ದಪ್ಪ ಕೊಂಡಿಯೇ ಎಂದು ಆತ ತೀರ್ಮಾನಿಸಿದ. ಕಾಪಾಡಬೇಕಾದ ಸಾಧನವೇ ಕೊಲ್ಲಲೂ ಬಲ್ಲದು ಎಂಬ ಯೋಚನೆ ಅವನನ್ನು ಬಿಡಲಿಲ್ಲ. 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರ ಪ್ರಸಂಗಗಳನ್ನು ವಿಶ್ಲೇಷಿಸಿ 1942ರಲ್ಲಿ ಆತ ಬರೆದ ಪ್ರಬಂಧ ಅಪಘಾತ ವಿಜ್ಞಾನಕ್ಕೆ ಬುನಾದಿ ಹಾಕಿತು. ಬಲ ಎಷ್ಟೆಂಬುದಷ್ಟೇ ಮುಖ್ಯವಲ್ಲ. ಅದು ಎಷ್ಟು ದೂರದಲ್ಲಿ, ಎಷ್ಟು ವಿಸ್ತಾರದಲ್ಲಿ ಹಂಚಿಹೋಯಿತು ಎಂಬುದೂ ಮುಖ್ಯ.

ಇದನ್ನು ತನ್ನ ಮೈಮೇಲೆಯೇ ಪರೀಕ್ಷಿಸಿಕೊಂಡವರು ಅಮೆರಿಕದ ವಾಯುಸೇನೆಯ ವೈದ್ಯ ಜಾನ್ ಸ್ಟ್ಯಾಪ್. 1954ರ ಡಿಸೆಂಬರ್ 10ರಂದು ರಾಕೆಟ್ ಬಂಡಿಯಲ್ಲಿ ಗಂಟೆಗೆ 1,017 ಕಿಮೀ ವೇಗ ಮುಟ್ಟಿ 1.4 ಸೆಕೆಂಡಿನಲ್ಲಿ ನಿಂತರು. ಗರಿಷ್ಠ ವೇಗೋತ್ಕರ್ಷ ಗುರುತ್ವದ 46.2 ಪಟ್ಟು. ಕಣ್ಣುಗಳಲ್ಲಿ ರಕ್ತಸ್ರಾವವಾಯಿತಾದರೂ ಬದುಕಿದರು, ನೋಟವೂ ಮರಳಿತು. ಹೆಗಲು, ಎದೆಗೂಡು, ಸೊಂಟಗಳ ಗಟ್ಟಿ ಮೂಳೆಗಳಿಗೆ ಬಲವನ್ನು ಹಂಚಿದರೆ ಮಾನವ ದೇಹ ನಾವು ಎಣಿಸುವುದಕ್ಕಿಂತ ಬಹಳ ಹೆಚ್ಚನ್ನು ತಾಳಬಲ್ಲದು ಎಂದಾಯಿತು.

ಸಾಬ್ ಸಂಸ್ಥೆಯಲ್ಲಿ ವಿಮಾನ ಚಾಲಕರನ್ನು ಹೊರಚಿಮ್ಮಿಸುವ ಆಸನಗಳ ಮೇಲೆ ಕೆಲಸ ಮಾಡಿದ್ದ ನಿಲ್ಸ್ ಬೊಹ್ಲಿನ್ 1958ರಲ್ಲಿ ವೋಲ್ವೊ ಸೇರಿದರು. ಮರುವರ್ಷವೇ, 1959ರಲ್ಲಿ, ಅವರ ಮೂರು ಬಿಂದುಗಳ ಸೀಟ್ ಬೆಲ್ಟ್ ಕಾರುಗಳಲ್ಲಿ ಬಂತು. ಇಂದು ನೀವು ಕಾಣುವುದೂ ಅದೇ. ಒಂದು ಪಟ್ಟಿ ಸೊಂಟದ ಮೂಳೆಯ ಮೇಲೆ, ಇನ್ನೊಂದು ಹೆಗಲ ಮೂಳೆಯ ನಡುವಿನಿಂದ ಎದೆಯ ಮೇಲೆ ಓರೆಯಾಗಿ. ಎರಡೂ ಆಸನದ ಪಕ್ಕದಲ್ಲಿ ಕೆಳಗೆ ಸೇರುತ್ತವೆ. ಪೇಟೆಂಟ್ ಇದ್ದರೂ ಬೇರೆ ತಯಾರಕರು ಬಳಸಿಕೊಳ್ಳಲು ವೋಲ್ವೊ ಬಿಟ್ಟುಕೊಟ್ಟಿತು. ಲಾಭ ಬಿಟ್ಟ ಉದಾಹರಣೆಗಳು ಉದ್ಯಮದ ಚರಿತ್ರೆಯಲ್ಲಿ ಹೆಚ್ಚಿಲ್ಲವಾದ್ದರಿಂದ ಇದನ್ನು ಹೇಳಿಯೇ ಮುಂದುವರಿಯಬೇಕು.

ಆದರೆ ಬೊಹ್ಲಿನ್‌ರ ರೇಖಾಗಣಿತ ವಯಸ್ಕರಿಗೆ ಹೊಂದಿಸಿದ್ದು. ಅದರೊಳಗೆ ಆರು ವರ್ಷದ ಮಗುವನ್ನು ಕೂರಿಸಿದರೆ ಏನಾಗುತ್ತದೆ?

ಮಗು ಚಿಕ್ಕ ಗಾತ್ರದ ದೊಡ್ಡವರಲ್ಲ

ನವಜಾತ ಶಿಶುವಿನ ತಲೆ ಅದರ ಉದ್ದದ ಸುಮಾರು ಕಾಲು ಭಾಗ. ವಯಸ್ಕರಲ್ಲಿ ಸುಮಾರು ಏಳನೆಯ ಒಂದು ಭಾಗ. ಎಳೆಯ ಮಗುವಿನ ಕತ್ತಿನ ಕಶೇರುಗಳಲ್ಲಿ ಇನ್ನೂ ಮೃದ್ವಸ್ಥಿಯ ಬೆಸುಗೆಗಳಿರುತ್ತವೆ. ಭಾರವಾದ ತಲೆ, ಬಲಿಯದ ಕತ್ತು. ಮುಖ ಮುಂದಕ್ಕೆ ಮಾಡಿ ಕೂರಿಸಿದರೆ ಪಟ್ಟಿ ಮುಂಡವನ್ನು ಹಿಡಿಯುತ್ತದೆ, ತಲೆ ಮುಂದಕ್ಕೆ ಹೋಗುತ್ತದೆ, ಎಳೆತವನ್ನೆಲ್ಲ ಕತ್ತು ತಾಳಬೇಕಾಗುತ್ತದೆ. ಗಾಥೆನ್‌ಬರ್ಗ್‌ನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ವೈದ್ಯ ಬರ್ಟಿಲ್ ಆಲ್ಡ್‌ಮನ್ ಇದಕ್ಕೆ ಪರಿಹಾರ ಕಂಡದ್ದು ಜೆಮಿನಿ ಗಗನಯಾತ್ರಿಗಳ ಆಸನದಲ್ಲಿ. ಉಡಾವಣೆಯಲ್ಲಿ ಅವರು ಬೆನ್ನ ಮೇಲೆ ಒರಗಿರುತ್ತಾರೆ. ಬಲ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಕಾರಿನಲ್ಲಿ ಮಗು ಹಿಂದಕ್ಕೆ ಮುಖ ಮಾಡಿ ಕೂತರೂ ಹೀಗೆಯೇ ಅಲ್ಲವೆ? 1964ರಲ್ಲಿ ಅವರ ಮೊದಲ ಮಾದರಿಯ ಪರೀಕ್ಷೆ ನಡೆಯಿತು. 1972ರಲ್ಲಿ ವೋಲ್ವೊ ಅಂಥ ಆಸನವನ್ನು ಮಾರತೊಡಗಿತು. ಸ್ವೀಡನ್ನಿನಲ್ಲಿ ಇಂದಿಗೂ ಸುಮಾರು ನಾಲ್ಕು ವರ್ಷದವರೆಗೆ ಮಕ್ಕಳನ್ನು ಹೀಗೆ ಕೂರಿಸುವ ರೂಢಿ ಇದೆ.

ನಾಲ್ಕು ದಾಟಿದ ಮೇಲಿನದು ಬೇರೆ ಸಮಸ್ಯೆ. ಈಗ ತೊಂದರೆ ಇರುವುದು ಸೊಂಟದಲ್ಲಿ. ನಿಮ್ಮ ಸೊಂಟದ ಮುಂಭಾಗವನ್ನು ಎರಡೂ ಕೈಗಳಿಂದ ಒತ್ತಿ ನೋಡಿ, ಎರಡು ಗಟ್ಟಿ ಕೊಂಬುಗಳು ಸಿಗುತ್ತವೆ. ಶ್ರೋಣಿ ಮೂಳೆಯ ಈ ಉಬ್ಬುಗಳೇ ಸೊಂಟಪಟ್ಟಿಯನ್ನು ಮೇಲೆ ಜಾರದಂತೆ ತಡೆಹಿಡಿಯುವ ಗೂಟಗಳು. ಸುಮಾರು ಹತ್ತು ವರ್ಷವಾಗುವವರೆಗೆ ಇವು ಮಕ್ಕಳಲ್ಲಿ ಸರಿಯಾಗಿ ಬೆಳೆದಿರುವುದಿಲ್ಲ. ಜೊತೆಗೆ ಇನ್ನೊಂದು ತೊಡಕು. ಕಾರಿನ ಆಸನದ ಆಳ ವಯಸ್ಕರ ತೊಡೆಗೆ ತಕ್ಕದ್ದು. ಬೆನ್ನು ಒರಗಿಸಿ ಕೂತ ಮಗುವಿನ ಮೊಣಕಾಲು ಆಸನದ ಅಂಚನ್ನು ಮುಟ್ಟುವುದಿಲ್ಲ, ಕಾಲು ಮಡಿಸಲು ಆಗುವುದಿಲ್ಲ. ಐದೇ ನಿಮಿಷದಲ್ಲಿ ಅದು ಮುಂದಕ್ಕೆ ಜಾರಿ ಕುಕ್ಕರಬಡಿಯುತ್ತದೆ. ತುಂಟತನವೆಂದು ಗದರಿಸಬೇಡಿ, ಇದು ಬರೀ ರೇಖಾಗಣಿತ. ಜಾರಿದಾಗ ಶ್ರೋಣಿ ಹಿಂದಕ್ಕೆ ಹೊರಳುತ್ತದೆ, ಇದ್ದ ಎಳೆಯ ಕೊಂಬುಗಳೂ ಪಟ್ಟಿಗೆ ಸಿಗದಂತಾಗುತ್ತವೆ, ಪಟ್ಟಿ ಹೊಟ್ಟೆಯ ಮೇಲೇರುತ್ತದೆ. ಹೆಗಲ ಪಟ್ಟಿಯೋ ಕತ್ತಿಗೆ ತಾಗುತ್ತದೆ. ಮಗು ಅದನ್ನು ಕಂಕುಳ ಕೆಳಗೆ ತುರುಕಿಕೊಳ್ಳುತ್ತದೆ.

ಈ ಸ್ಥಿತಿಯಲ್ಲಿ ಡಿಕ್ಕಿಯಾಗಲಿ. 20 ಕಿಗ್ರಾಂ ತೂಗುವ ಮಗುವಿಗೆ ಮೇಲಿನ ಲೆಕ್ಕದಂತೆ ಸುಮಾರು 3,200 ನ್ಯೂಟನ್ ಬಲ ಬೇಕು. 5 ಸೆಂಮೀ ಅಗಲದ ಪಟ್ಟಿಯ ಮೂಲಕ ಅದರ ದೊಡ್ಡ ಪಾಲು ಬೀಳುವುದು ಮೂಳೆಯಿಲ್ಲದ ಹೊಟ್ಟೆಯ ಮೇಲೆ. ಸೊಂಟ ಪಟ್ಟಿಯ ಅಡಿಯಲ್ಲಿ ಜಾರಿಹೋಗುತ್ತದೆ. ದೇಹ ಪಟ್ಟಿಯ ಸುತ್ತ ಮಡಿಚಿಕೊಳ್ಳುತ್ತದೆ. ಕರುಳು ಹರಿಯಬಹುದು, ಬೆನ್ನುಮೂಳೆ ಮುರಿಯಬಹುದು. 1962ರಲ್ಲಿ ಗ್ಯಾರೆಟ್ ಮತ್ತು ಬ್ರೌನ್‌ಸ್ಟೈನ್ ಈ ಬಗೆಯ ಪೆಟ್ಟುಗಳಿಗೆ ‘ಸೀಟ್ ಬೆಲ್ಟ್ ಸಿಂಡ್ರೋಮ್’ ಎಂಬ ಹೆಸರನ್ನು ಬಳಕೆಗೆ ತಂದರು. ಡಿಹೇವನ್‌ನ ಹಳೆಯ ಪ್ರಶ್ನೆ ಮತ್ತೆ ಎದುರಾಯಿತು.

ಎತ್ತರಿಸುವ ದಿಂಬು

ಪರಿಹಾರ ಎಷ್ಟು ಸರಳವೆಂದರೆ ಅದನ್ನು ಸಂಶೋಧನೆಯೆನ್ನಲು ಕೆಲವರು ಹಿಂಜರಿದಾರು. ಪಟ್ಟಿಯನ್ನು ಮಗುವಿಗೆ ಹೊಂದಿಸುವುದು ಕಷ್ಟವಾದರೆ ಮಗುವನ್ನೇ ಪಟ್ಟಿಗೆ ಹೊಂದಿಸಿದರೆ? ಒಂದು ಗಟ್ಟಿ ದಿಂಬಿನ ಮೇಲೆ ಕೂರಿಸಿದರೆ ಹೆಗಲು ಮೇಲೇರಿ ಓರೆಪಟ್ಟಿ ಕತ್ತಿನಿಂದ ದೂರ ಸರಿಯುತ್ತದೆ. ಸೊಂಟಪಟ್ಟಿ ಮೊದಲಿಗಿಂತ ಕಡಿದಾದ ಕೋನದಲ್ಲಿ ಕೆಳಕ್ಕೆ ಎಳೆಯುತ್ತದೆ. ದಿಂಬಿನ ಎರಡು ಪಕ್ಕಗಳಲ್ಲಿರುವ ಕೊಂಬುಗಳ ಅಡಿಯಲ್ಲಿ ಪಟ್ಟಿಯನ್ನು ಹಾಯಿಸಿದರೆ ಅದು ತೊಡೆಯ ಬುಡದಲ್ಲೇ ಉಳಿಯುತ್ತದೆ. ಮಗುವಿನ ಶ್ರೋಣಿಯಲ್ಲಿ ಬೆಳೆಯದ ಕೊಂಬುಗಳ ಕೆಲಸವನ್ನು ದಿಂಬಿನ ಕೊಂಬುಗಳು ಮಾಡುತ್ತವೆ. ದಿಂಬಿನ ಆಳ ಕಡಿಮೆ ಇರುವುದರಿಂದ ಮೊಣಕಾಲು ಮಡಿಯುತ್ತದೆ, ಮಗು ಜಾರುವುದಿಲ್ಲ. ಒಂದು ದಿಂಬು, ಮೂರು ಕೆಲಸ.

ಸ್ವೀಡನ್ನಿನಲ್ಲಿ 1970ರ ದಶಕದ ಮಧ್ಯದಲ್ಲಿ ರೂಪುಗೊಂಡ ಈ ದಿಂಬನ್ನು ವೋಲ್ವೊ 1978ರಲ್ಲಿ ಮಾರುಕಟ್ಟೆಗೆ ತಂದಿತು. ಮರುವರ್ಷ ಹಾನ್ಸ್ ನೋರಿನ್ ಮತ್ತು ಸಂಗಡಿಗರು ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘದ ಮುಂದೆ ಇದರ ಹಿಂದಿನ ವಿಚಾರವನ್ನು ಪ್ರಬಂಧವಾಗಿ ಮಂಡಿಸಿದರು. ಅಮೆರಿಕ ಕೂಡಲೇ ಒಪ್ಪಿಕೊಂಡಿತೆ? ಇಲ್ಲ, ಅದಕ್ಕೆ ಸ್ಪಷ್ಟ ಕಾರಣವೂ ಇತ್ತು. ಬೂಸ್ಟರ್ ದಿಂಬು ತಾನೇ ಮಗುವನ್ನು ಹಿಡಿಯುವುದಿಲ್ಲ; ಹಿಡಿಯುವುದು ಕಾರಿನ ಹೆಗಲ ಪಟ್ಟಿ ಮತ್ತು ಸೊಂಟಪಟ್ಟಿ. ಅಮೆರಿಕದ ಕಾರುಗಳ ಹಿಂಬದಿಯಲ್ಲಿ ಆಗ ಇದ್ದದ್ದು ಬಹುಪಾಲು ಸೊಂಟಪಟ್ಟಿ ಮಾತ್ರ. ಹೀಗಾಗಿ ಅಲ್ಲಿ ಎದೆಯ ಮುಂದೆ ಪ್ಲಾಸ್ಟಿಕ್ ಅಡ್ಡಗುರಾಣಿ ಇರುವ ಬೂಸ್ಟರುಗಳು ಬಂದವು. ಮಗು ಆ ಗುರಾಣಿಯ ಮೇಲೆ ಬಾಗಿ ಹೊರಚಿಮ್ಮುವ ಸಂಭವವಿದ್ದದ್ದರಿಂದ ಮುಂದೆ ಅವು ತಿರಸ್ಕೃತವಾದವು. ಹೊಸ ಕಾರುಗಳ ಹಿಂಬದಿಯ ಎರಡೂ ಬದಿಗಳಲ್ಲಿ ಮೂರು ಬಿಂದು ಪಟ್ಟಿ ಅಲ್ಲಿ ಕಡ್ಡಾಯವಾದದ್ದು 1989ರ ಕೊನೆಯಲ್ಲಿ. ಸ್ವೀಡನ್ನಿನ ಬಗೆಯ ಬೂಸ್ಟರಿಗೆ ಅಮೆರಿಕದ ಸುರಕ್ಷಾ ಮಾನಕದಲ್ಲಿ ಜಾಗ ಸಿಕ್ಕಿದ್ದು 1994ರಲ್ಲಿ, ಹದಿನಾರು ವರ್ಷ ತಡವಾಗಿ.

ಆ ಮಾನಕದ ಕಥೆಯೂ ಸ್ವಾರಸ್ಯವಾದದ್ದೇ. 1971ರಲ್ಲಿ ಜಾರಿಗೆ ಬಂದಾಗ ಅದು ಡಿಕ್ಕಿ ಪರೀಕ್ಷೆಯನ್ನೇ ಕೇಳಿರಲಿಲ್ಲ! ಗಂಟೆಗೆ 48 ಕಿಮೀ ವೇಗದ ಬಂಡಿಯಲ್ಲಿ ಗೊಂಬೆಯನ್ನು ಕೂರಿಸಿ ಪರೀಕ್ಷಿಸಬೇಕೆಂಬ ನಿಯಮ ಬಂದದ್ದು 1981ರಲ್ಲಿ. ಕಾನೂನು ಇನ್ನೂ ನಿಧಾನ. ಮಕ್ಕಳಿಗೆ ಸುರಕ್ಷಾ ಆಸನ ಕಡ್ಡಾಯ ಮಾಡಿದ ಮೊದಲ ಅಮೆರಿಕನ್ ರಾಜ್ಯ ಟೆನ್ನೆಸ್ಸಿ. ಅಲ್ಲಿನ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಪಟ್ಟುಹಿಡಿದು ಮಾಡಿಸಿದ ಆ ಕಾನೂನು 1978ರ ಜನವರಿಯಲ್ಲಿ ಜಾರಿಗೆ ಬಂತು. ಆದರೆ ಶಾಸಕರು ಅದರಲ್ಲಿ ಒಂದು ಕಿಂಡಿ ಇಟ್ಟಿದ್ದರು: ದೊಡ್ಡವರು ಮಗುವನ್ನು ತೋಳಿನಲ್ಲಿ ಹಿಡಿದುಕೊಂಡಿದ್ದರೆ ಸಾಕು. ತೋಳಿನ ಲೆಕ್ಕವನ್ನು ನಾವು ಮೊದಲೇ ಮಾಡಿದ್ದೇವೆ. ಹಿಡಿದವರ ದೇಹವೇ ಮಗುವನ್ನು ಅಪ್ಪಚ್ಚಿ ಮಾಡುವುದರಿಂದ ಸ್ಯಾಂಡರ್ಸ್ ಬಳಗದವರು ಇದಕ್ಕೆ ‘ಮಗು ಜಜ್ಜುವ ತಿದ್ದುಪಡಿ’ ಎಂದೇ ಹೆಸರಿಟ್ಟರು. ಅದನ್ನು ತೆಗೆಸಲು 1981ರವರೆಗೆ ಹೋರಾಡಬೇಕಾಯಿತು. ಶಿಶುಗಳ ಮಾತು ಹೀಗಾದರೆ ಬೂಸ್ಟರ್ ವಯಸ್ಸಿನವರನ್ನು ಕಾನೂನು ಇನ್ನೂ ಎರಡು ದಶಕ ಮರೆತಿತ್ತು. ದೊಡ್ಡವರ ಬೆಲ್ಟನ್ನು ಸರಿಯಾಗಿಯೇ ಹಾಕಿಕೊಂಡಿದ್ದ ನಾಲ್ಕು ವರ್ಷದ ಹುಡುಗನೊಬ್ಬ 1996ರಲ್ಲಿ ಅಪಘಾತದಲ್ಲಿ ಅದರಿಂದ ಜಾರಿ ಹೊರಬಿದ್ದು ಸತ್ತ. ಅವನ ತಾಯಿಯ ಪ್ರಯತ್ನದಿಂದ ವಾಷಿಂಗ್ಟನ್ ರಾಜ್ಯ 2000ದಲ್ಲಿ ಬೂಸ್ಟರ್ ಕಾನೂನು ಮಾಡಿತು.

ನಿಜಕ್ಕೂ ಉಪಯೋಗವಿದೆಯೆ?

ವಿಜ್ಞಾನದ ವಿದ್ಯಾರ್ಥಿ ಇದನ್ನು ಕೇಳಲೇಬೇಕು. ಫಿಲಡೆಲ್ಫಿಯದ ಮಕ್ಕಳ ಆಸ್ಪತ್ರೆಯ ಡರ್ಬಿನ್, ಎಲಿಯಟ್ ಮತ್ತು ವಿನ್‌ಸ್ಟನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 4ರಿಂದ 7 ವರ್ಷದವರಲ್ಲಿ ಬರೀ ಬೆಲ್ಟಿಗೆ ಹೋಲಿಸಿದರೆ ಬೂಸ್ಟರಿನಲ್ಲಿದ್ದ ಮಕ್ಕಳಿಗೆ ಪೆಟ್ಟಾಗುವ ಸಂಭಾವ್ಯತೆ ಶೇ. 59ರಷ್ಟು ಕಡಿಮೆಯಿತ್ತು. ನನಗೆ ಶೇಕಡಾವಾರಿಗಿಂತ ಮಹತ್ವದ್ದಾಗಿ ಕಂಡದ್ದು ಇನ್ನೊಂದು ಅಂಶ: ಬೂಸ್ಟರಿನಲ್ಲಿದ್ದವರಿಗೆ ಹೊಟ್ಟೆಗಾಗಲಿ ಕತ್ತು-ಬೆನ್ನಿಗಾಗಲಿ ಪೆಟ್ಟಾಗಿರಲಿಲ್ಲ. ರೇಖಾಗಣಿತ ಮುನ್ನುಡಿದದ್ದೂ ಅದನ್ನೇ ಅಲ್ಲವೆ?

2005ರಲ್ಲಿ ‘ಫ್ರೀಕನಾಮಿಕ್ಸ್’ ಖ್ಯಾತಿಯ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಎದುರುವಾದ ಹೂಡಿದರು. ಮಾರಕ ಅಪಘಾತಗಳ ದತ್ತಾಂಶವನ್ನು ಜಾಲಾಡಿ, ಎರಡು ವರ್ಷ ದಾಟಿದ ಮಕ್ಕಳ ಸಾವನ್ನು ತಡೆಯುವುದರಲ್ಲಿ ವಿಶೇಷ ಆಸನಗಳು ಬರೀ ಬೆಲ್ಟಿಗಿಂತ ಮೇಲೇನಲ್ಲ ಎಂದರು. ಇಂಥ ದತ್ತಾಂಶದಲ್ಲಿ ಒಂದು ಓರೆ ಇದೆ. ಕನಿಷ್ಠ ಒಬ್ಬರಾದರೂ ಸತ್ತ ಅಪಘಾತಗಳಷ್ಟೇ ಅದರಲ್ಲಿ ಸೇರುತ್ತವೆ. ಆಸನದ ದೆಸೆಯಿಂದ ಎಲ್ಲರೂ ಬದುಕಿದ ಅಪಘಾತ ಎಣಿಕೆಗೇ ಬರುವುದಿಲ್ಲ. ಲೆವಿಟ್‌ಗೆ ಇದು ಗೊತ್ತಿತ್ತು, ಸರಿಪಡಿಸಲು ಲೆಕ್ಕದಲ್ಲಿ ಉಪಾಯವನ್ನೂ ಮಾಡಿದ್ದರು. ಎಲಿಯಟ್ ತಂಡ 2006ರಲ್ಲಿ ಸಾವಿಲ್ಲದ ಅಪಘಾತಗಳ ದತ್ತಾಂಶವನ್ನೂ ಸೇರಿಸಿ, 2ರಿಂದ 6 ವರ್ಷದವರಲ್ಲಿ ಸಾವಿನ ಸಂಭವ ಶೇ. 28ರಷ್ಟು, ತಪ್ಪಾಗಿ ಬಳಸಿದವರನ್ನೂ ಎಣಿಸಿದರೆ ಶೇ. 21ರಷ್ಟು ಕಡಿಮೆ ಎಂದಿತು. ನನ್ನ ಅಭಿಪ್ರಾಯ ಕೇಳುವಿರಾದರೆ, ಸಾವನ್ನೇ ಏಕೈಕ ಅಳತೆಗೋಲು ಮಾಡಿದ್ದರಲ್ಲಿಯೇ ಲೆವಿಟ್ ವಾದದ ದೌರ್ಬಲ್ಯವಿದೆ. ಬೆನ್ನುಹುರಿ ಕಡಿದ ಮಗು ಮಾರಕ ಅಪಘಾತಗಳ ಪಟ್ಟಿಯಲ್ಲಿ ‘ಬದುಕಿದವರ’ ಕಲಮಿನಲ್ಲಿರುತ್ತದೆ. ಆದರೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರು ಈ ವಿವಾದವನ್ನು ತರಗತಿಗೆ ಒಯ್ಯಲೇಬೇಕು. ಆಯ್ಕೆಯ ಓರೆಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಬೂಸ್ಟರ್ ಬೇಡವಾಗುವುದು ಯಾವಾಗ ಎಂಬುದಕ್ಕೂ ಅಳೆದೇ ಉತ್ತರ ಕಂಡುಕೊಂಡರು. ಅಮೆರಿಕದಲ್ಲಿ 1994ರ ಅಧ್ಯಯನವೊಂದರಲ್ಲಿ 6ರಿಂದ 12 ವರ್ಷದ 155 ಮಕ್ಕಳನ್ನು ಬೇರೆ ಬೇರೆ ಕಾರುಗಳಲ್ಲಿ ಕೂರಿಸಿ ಬೆಲ್ಟ್ ಎಲ್ಲೆಲ್ಲಿ ಹಾಯುತ್ತದೆಂದು ನೋಡಿದರು. ಕೂತಾಗಿನ ಎತ್ತರ 74 ಸೆಂಮೀ, ನಿಂತಾಗಿನ ಎತ್ತರ 148 ಸೆಂಮೀ ಆದ ಮೇಲೆ ದೊಡ್ಡವರ ಬೆಲ್ಟ್ ಹೊಂದುತ್ತದೆಂದು ತಿಳಿಯಿತು. ಅಮೆರಿಕದಲ್ಲಿ ಈಗ ಸಾಮಾನ್ಯವಾಗಿ ಹೇಳುವುದು 145 ಸೆಂಮೀ. ಸ್ವೀಡನ್ ಮತ್ತು ಬ್ರಿಟನ್ನಿನ ಕಾನೂನುಗಳ ಗೆರೆ 135 ಸೆಂಮೀ. ನಮ್ಮ ಮಕ್ಕಳು ಸರಾಸರಿ 145 ಸೆಂಮೀ ಮುಟ್ಟುವುದು 11-12ನೆಯ ವಯಸ್ಸಿನಲ್ಲಿ. ‘ನಮ್ಮ ಹುಡುಗನಿಗೆ ಆರಾಯಿತು, ಬೆಲ್ಟ್ ಸಾಕು’ ಎನ್ನುವವರು ಐದು ವರ್ಷ ಮುಂಚಿತವಾಗಿಯೇ ಹೇಳುತ್ತಿದ್ದಾರೆ.

ಕೊಳ್ಳುವಾಗ ನೋಡಬೇಕಾದದ್ದೂ ಈ ಚರಿತ್ರೆಯಿಂದಲೇ ಹೊರಡುತ್ತದೆ. ಬಣ್ಣ, ಮೆತ್ತೆಗಳನ್ನು ಆಮೇಲೆ ನೋಡಿ. ಮಗುವನ್ನು ನಿಮ್ಮ ಕಾರಿನಲ್ಲೇ ಬೂಸ್ಟರಿನ ಮೇಲೆ ಕೂರಿಸಿ ಪಟ್ಟಿ ಎಲ್ಲಿ ಕೂರುತ್ತದೆಂದು ನೋಡಿ: ಕೆಳಗಿನದು ತೊಡೆಯನ್ನು ಮುಟ್ಟಬೇಕು, ಮೇಲಿನದು ಹೆಗಲ ನಡುವೆ ಹಾಯಬೇಕು. ಒಂದೇ ಬೂಸ್ಟರ್ ಒಂದು ಕಾರಿನಲ್ಲಿ ಚೆನ್ನಾಗಿ ಕೂತು ಇನ್ನೊಂದರಲ್ಲಿ ಕೆಡಬಹುದು. ಬೆನ್ನಿರುವ ಬೂಸ್ಟರ್ ತಲೆಗೆ ಪಕ್ಕದ ಆಸರೆ ಕೊಡುತ್ತದೆ, ನಿದ್ದೆ ಹೋದ ಮಗುವನ್ನು ಪಟ್ಟಿಯಿಂದ ಹೊರಕ್ಕೆ ವಾಲದಂತೆ ತಡೆಯುತ್ತದೆ. ಚಿಕ್ಕವರಿಗೆ ಅದೇ ಉತ್ತಮ. ಯೂರೋಪಿನ ನಿಯಮಗಳು 2017ರಿಂದ ಹೊಸ ಮಾದರಿಯ ಬೆನ್ನಿಲ್ಲದ ಬೂಸ್ಟರುಗಳನ್ನು 125 ಸೆಂಮೀ ಎತ್ತರದ ಮೇಲಿನವರಿಗೆ ಸೀಮಿತಗೊಳಿಸಿದವು. ಹಳೆಯ ಕಾರುಗಳ ಹಿಂಬದಿಯ ನಡುವಿನ ಜಾಗದಲ್ಲಿ ಸೊಂಟಪಟ್ಟಿ ಮಾತ್ರ ಇರುವುದರಿಂದ ಅಲ್ಲಿ ಬೂಸ್ಟರ್ ಸಲ್ಲದು. ಮನೆಯ ತಲೆದಿಂಬನ್ನೋ ಮಡಿಸಿದ ಕಂಬಳಿಯನ್ನೋ ಹಾಕಿ ಎತ್ತರಿಸುವುದು ಇನ್ನೂ ಅಪಾಯ: ಡಿಕ್ಕಿಯಲ್ಲಿ ಅದು ಒತ್ತಿಹೋಗುತ್ತದೆ ಇಲ್ಲವೆ ಜಾರಿಹೋಗುತ್ತದೆ, ಪಟ್ಟಿ ಸಡಿಲವಾಗಿ ಸೊಂಟ ಅದರಡಿಗೆ ನುಗ್ಗುತ್ತದೆ. ಅಪಘಾತ ಕಂಡ ಆಸನವನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡ.

ಭಾರತದಲ್ಲಿ 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ 194-ಬಿ ಪ್ರಕರಣ ಮೊದಲ ಬಾರಿಗೆ ಮಕ್ಕಳ ಸುರಕ್ಷಾ ಸಾಧನದ ಮಾತೆತ್ತಿ, ತಪ್ಪಿದರೆ ಸಾವಿರ ರೂಪಾಯಿ ದಂಡ ವಿಧಿಸಿತು. ಆದರೆ ಅದರ ಮಾತುಗಳನ್ನು ಗಮನಿಸಿ: 14 ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ‘ಅಥವಾ’ ಮಕ್ಕಳ ಸುರಕ್ಷಾ ಸಾಧನ. ಆ ‘ಅಥವಾ’ದ ದೆಸೆಯಿಂದ, ದೊಡ್ಡವರ ಬೆಲ್ಟ್ ಹೊಟ್ಟೆಯ ಮೇಲೆ ಬಿಗಿದ ನಾಲ್ಕು ವರ್ಷದ ಮಗುವಿಗೂ ಈ ಪ್ರಕರಣದಡಿ ದಂಡವಿಲ್ಲ. ಟೆನ್ನೆಸ್ಸಿಯ ಕಿಂಡಿಯಷ್ಟು ದೊಡ್ಡದಲ್ಲ, ಆದರೂ ಕಿಂಡಿಯೇ. ನಮ್ಮಲ್ಲಿ ಹೆಚ್ಚು ಮಕ್ಕಳು ಪ್ರಯಾಣಿಸುವುದು ದ್ವಿಚಕ್ರ ವಾಹನಗಳಲ್ಲಾದ್ದರಿಂದ, 9 ತಿಂಗಳಿಂದ 4 ವರ್ಷದವರಿಗೆ ಕಟ್ಟುಪಟ್ಟಿ, ಹೆಲ್ಮೆಟ್ ಮತ್ತು ಗಂಟೆಗೆ 40 ಕಿಮೀ ಮಿತಿ ಹೇರಿದ, 2022ರಲ್ಲಿ ಪ್ರಕಟವಾಗಿ 2023ರ ಫೆಬ್ರವರಿಯಲ್ಲಿ ಜಾರಿಗೆ ಬಂದ ನಿಯಮವನ್ನೂ ನೆನೆಯಬೇಕು. 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಕಾರುಗಳಿಗೆ ಮಕ್ಕಳ ಸುರಕ್ಷತೆಯ ನಕ್ಷತ್ರಗಳನ್ನೂ ಕೊಡುತ್ತದೆ. ಅದು ಆರಂಭವಾದಾಗ ಕೂರಿಸುತ್ತಿದ್ದ ಗೊಂಬೆಗಳು ಒಂದೂವರೆ ವರ್ಷ ಮತ್ತು ಮೂರು ವರ್ಷದ ಮಕ್ಕಳವು. ಯೂರೋಪಿನಲ್ಲಿ 2016ರಿಂದ ಆರು ಮತ್ತು ಹತ್ತು ವರ್ಷದ ಗೊಂಬೆಗಳನ್ನು ಬಳಸುತ್ತಾರೆ. ಆದ್ದರಿಂದ ಆ ನಕ್ಷತ್ರಗಳನ್ನು ನೋಡಿ ಕಾರು ಕೊಳ್ಳುವವರು, ಅವು ಬೂಸ್ಟರ್ ವಯಸ್ಸಿನ ಮಗುವಿನ ಬಗ್ಗೆ ಏನು ಹೇಳುತ್ತವೆಂದು ವಿಚಾರಿಸುವುದು ಒಳ್ಳೆಯದು.

ಶಿಕ್ಷಕರಿಗೊಂದು ಸೂಚನೆ. ಅಳತೆಪಟ್ಟಿ, ಬೆನ್ನು ಒರಗಿಸಬಹುದಾದ ಗೋಡೆ, ಒಂದು ಬೆಂಚು ಇದ್ದರೆ ಸಾಕು; 4ರಿಂದ 8ನೆಯ ತರಗತಿಯ ಮಕ್ಕಳ ನಿಂತ ಎತ್ತರ, ಕೂತ ಎತ್ತರ, ಬೆನ್ನಿನಿಂದ ಮೊಣಕಾಲಿನ ಹಿಂಬದಿಯವರೆಗಿನ ಉದ್ದಗಳನ್ನು ಬರೆದಿಡಿಸಿ. ಶಾಲೆಗೆ ಬರುವ ಯಾವುದಾದರೊಂದು ಕಾರಿನ ಹಿಂಬದಿಯ ಆಸನದ ಆಳವನ್ನೂ ಅಳೆಯಿರಿ. ಎಷ್ಟು ಮಕ್ಕಳ ತೊಡೆ ಆ ಆಳಕ್ಕಿಂತ ಚಿಕ್ಕದು, ಎಷ್ಟು ಮಕ್ಕಳ ಕೂತ ಎತ್ತರ 74 ಸೆಂಮೀ ದಾಟಿದೆ ಎಂಬ ನಕ್ಷೆಯನ್ನು ಮಕ್ಕಳೇ ಬರೆಯಲಿ, ಮನೆಗೂ ಒಯ್ಯಲಿ.